ನ್ಯಾನೊ ಗ್ರೇನ್ ತಾಮ್ರವನ್ನು ಲ್ಯಾಪ್‌ಟಾಪಿನಲ್ಲಿ ಎಳೆದು ನೋಡುವ ಕ್ರಮ

ಕಾರವಾರ, ಶಿರಸಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಫೈನಲ್ ಇಯರ್ ಪ್ರಾಜೆಕ್ಟಿಗೆ ನ್ಯಾನೊ ಗ್ರೇನ್ ತಾಮ್ರವನ್ನು, ಅಂದರೆ ಕೆಲವೇ ನ್ಯಾನೊಮೀಟರಿನ ಹರಳುಕಣಗಳಿಂದ (ಗ್ರೇನ್) ಆದ ತಾಮ್ರವನ್ನು, ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಎಳೆದು ನೋಡುವ ವಿಷಯ ಹಿಡಿದರೆ ಮೊದಲು ಪರಮಾಣುಗಳ ಲೆಕ್ಕ ಹಾಕಿಕೊಳ್ಳಬೇಕು. ಸಾಫ್ಟ್‌ವೇರಿನ ಮಾತು ಆಮೇಲೆ. ತಾಮ್ರದ ಯೂನಿಟ್ ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಘನ) ಬದಿಗೆ 3.615 ಆಂಗ್‌ಸ್ಟ್ರಾಮ್ (10 ಆಂಗ್‌ಸ್ಟ್ರಾಮ್ ಎಂದರೆ 1 ನ್ಯಾನೊಮೀಟರ್), ಅದರಲ್ಲಿ 4 ಪರಮಾಣು. ಪ್ರತಿ ಬದಿಗೆ 120 ಆಂಗ್‌ಸ್ಟ್ರಾಮ್ ಇರುವ ಡಬ್ಬದಲ್ಲಿ 8 ಗ್ರೇನ್ ಇಟ್ಟರೆ ಸುಮಾರು 1.46 ಲಕ್ಷ ಪರಮಾಣು, ಗ್ರೇನ್ ಗಾತ್ರ ಸುಮಾರು 7.4 ನ್ಯಾನೊಮೀಟರ್. ನಾಲ್ಕು ಕೋರಿನ ಲ್ಯಾಪ್‌ಟಾಪ್ ಇಷ್ಟನ್ನು ನಿಭಾಯಿಸುತ್ತದೆ. ಗ್ರೇನ್ ಗಾತ್ರ ದುಪ್ಪಟ್ಟು ಮಾಡಿದರೆ ಪರಮಾಣು ಎಂಟು ಪಟ್ಟು. 20 ನ್ಯಾನೊಮೀಟರಿನ 8 ಗ್ರೇನಿಗೆ 28 ಲಕ್ಷ ದಾಟುತ್ತದೆ, ಅದಕ್ಕೆ ಹಲವು ಕಂಪ್ಯೂಟರ್ ಒಟ್ಟಿಗೆ ದುಡಿಯುವ ಕ್ಲಸ್ಟರೇ ಬೇಕು.

ಬೇಕಾದ ಮೂರು ಸಾಫ್ಟ್‌ವೇರ್‌ಗಳೂ ಪುಕ್ಕಟೆ ಸಿಗುತ್ತವೆ: ಗ್ರೇನ್ ಕಟ್ಟಲು ಆಟಮ್‌ಸ್ಕ್, ಎಳೆಯಲು ಲ್ಯಾಂಪ್ಸ್, ನೋಡಲು ಓವಿಟೊದ ಬೇಸಿಕ್ ಆವೃತ್ತಿ. ಪೊಟೆನ್ಶಿಯಲ್ (ಪರಮಾಣುಗಳ ನಡುವಿನ ಬಲವನ್ನು ಹೇಳುವ ಸೂತ್ರ) ಆಗಿ ಮಿಶಿನ್ ಮತ್ತು ಸಂಗಡಿಗರ 2001ರ ತಾಮ್ರದ ಇಎಎಂ (ಲೋಹಗಳಿಗೆ ಬಳಸುವ ಒಂದು ಬಗೆಯ ಪೊಟೆನ್ಶಿಯಲ್) ಬಳಸಿ; ಅದರ ಫೈಲ್ ಲ್ಯಾಂಪ್ಸ್ ಜೊತೆಗೇ ಬರುತ್ತದೆ. ಲ್ಯಾಂಪ್ಸ್‌ನ ಪೇರ್ ಸ್ಟೈಲ್ ಆದೇಶದಲ್ಲಿ ಬರೀ ಇಎಎಂ ಎಂದು ಬರೆದರೆ ಆ ಫೈಲ್ ಓದುವುದಿಲ್ಲ, ಅದರ ಅಲಾಯ್ ರೂಪವನ್ನೇ ಹೇಳಬೇಕು. ಯೂನಿಟ್ಸ್ ಆದೇಶಕ್ಕೆ ಮೆಟಲ್ ಎಂದು ಕೊಡಿ. ಗ್ರೇನಿಗೆ ಕೈ ಹಾಕುವ ಮುಂಚೆ ಒಂದು ಪುಟ್ಟ ಪರಿಪೂರ್ಣ ಹರಳನ್ನು ಮಿನಿಮೈಸ್ ಮಾಡಿ (ಶಕ್ತಿ ಕನಿಷ್ಠವಾಗುವಲ್ಲಿಗೆ ಪರಮಾಣುಗಳನ್ನು ಕೂರಿಸಿ): ಲ್ಯಾಟಿಸ್ 3.615, ಪರಮಾಣುವಿಗೆ ಶಕ್ತಿ ಮೈನಸ್ 3.54 ಎಲೆಕ್ಟ್ರಾನ್ ವೋಲ್ಟ್ ಬರಬೇಕು. ಬಾರದಿದ್ದರೆ ಅಲ್ಲೇ ನಿಲ್ಲಿಸಿ ಫೈಲ್ ನೋಡಿ.

ಆಟಮ್‌ಸ್ಕ್‌ಗೆ ಎರಡು ಸಾಲಿನ ಫೈಲ್ ಸಾಕು. ಒಂದರಲ್ಲಿ ಬಾಕ್ಸ್ ಅಳತೆ, ಇನ್ನೊಂದರಲ್ಲಿ ರ‍್ಯಾಂಡಮ್ 8. ಅದು ವೊರೊನಾಯ್ ವಿಧಾನದಲ್ಲಿ (ಪ್ರತಿ ಜಾಗವೂ ತನಗೆ ಹತ್ತಿರದ ಗ್ರೇನ್ ಕೇಂದ್ರಕ್ಕೆ ಸೇರುವಂತೆ) ಗ್ರೇನುಗಳನ್ನು ಕತ್ತರಿಸಿ ಜೋಡಿಸುತ್ತದೆ. ಜೋಡಿಸಿದ ಕಡೆ ಕೆಲವು ಪರಮಾಣುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ತಾಮ್ರದಲ್ಲಿ ಪಕ್ಕದ ಪರಮಾಣು 2.56 ಆಂಗ್‌ಸ್ಟ್ರಾಮ್ ದೂರ ಇರಬೇಕಾದ್ದು, 2.0ಕ್ಕಿಂತ ಹತ್ತಿರ ಇರುವ ಜೋಡಿಯಲ್ಲಿ ಒಂದನ್ನು ಅಳಿಸಿ. ಇದನ್ನು ಬಿಟ್ಟರೆ ಮೊದಲ ಕೆಲವೇ ಹೆಜ್ಜೆಗಳಲ್ಲಿ ಪರಮಾಣು ಸಿಡಿದುಹೋಗಿ 'ಲಾಸ್ಟ್ ಆಟಮ್ಸ್' ಎಂದು ರನ್ ಸಾಯುತ್ತದೆ. ಡಬ್ಬದ ಗಡಿಗಳು ಮೂರೂ ದಿಕ್ಕಿಗೆ ಪೀರಿಯಾಡಿಕ್ (ಒಂದು ಬದಿಯಿಂದ ಹೊರಟ ಪರಮಾಣು ಎದುರು ಬದಿಯಿಂದ ಒಳಬರುವಂತೆ) ಇರಲಿ.

ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇದರ ನಂತರದ ಹೆಜ್ಜೆಯಲ್ಲಿ. ಈಗಷ್ಟೇ ಕತ್ತರಿಸಿದ ಗ್ರೇನ್ ಬೌಂಡರಿ (ಎರಡು ಗ್ರೇನ್ ಕೂಡುವ ಅಂಚು) ನಿಜವಾದ ಬೌಂಡರಿಯಲ್ಲ, ಬರೀ ಹೊಲಿಗೆ. 10 ನ್ಯಾನೊಮೀಟರ್ ಗ್ರೇನಿನಲ್ಲಿ ಬೌಂಡರಿಯ ದಪ್ಪ 1 ನ್ಯಾನೊಮೀಟರ್ ಅಂದುಕೊಂಡರೂ ಲೋಹದ ಕಾಲು ಭಾಗಕ್ಕಿಂತ ಹೆಚ್ಚು ಅದರಲ್ಲೇ ಇದೆ. ಅದು ಸರಿಯಾಗಿ ಕೂರದಿದ್ದರೆ ಕೊನೆಗೆ ಬರುವ ಸ್ಟ್ರೆಸ್-ಸ್ಟ್ರೇನ್ (ಒಳಬಲ-ಹಿಗ್ಗು) ಕರ್ವ್ ಹೊಲಿಗೆಯದ್ದು, ತಾಮ್ರದ್ದಲ್ಲ. ಮಿನಿಮೈಸ್ ಆದ ಮೇಲೆ ಎನ್‌ಪಿಟಿಯಲ್ಲಿ (ತಾಪ, ಒತ್ತಡ ಎರಡನ್ನೂ ಹಿಡಿದಿಡುವ ಲ್ಯಾಂಪ್ಸ್ ಆದೇಶ), ಒತ್ತಡ ಸೊನ್ನೆ ಇಟ್ಟು, 300 ಕೆಲ್ವಿನ್‌ನಲ್ಲಿ 50 ಪಿಕೊಸೆಕೆಂಡ್ ಬಿಡಿ. ನಂತರ 600 ಕೆಲ್ವಿನ್‌ಗೆ ಏರಿಸಿ 100 ಪಿಕೊಸೆಕೆಂಡ್, ಮತ್ತೆ ನಿಧಾನ 300ಕ್ಕೆ ಇಳಿಸಿ. ಟೈಮ್‌ಸ್ಟೆಪ್ 1 ಫೆಮ್ಟೊಸೆಕೆಂಡ್, ತಾಪದ ಡ್ಯಾಂಪಿಂಗ್ 0.1, ಒತ್ತಡದ್ದು 1 ಪಿಕೊಸೆಕೆಂಡ್. ಪರಮಾಣುವಿನ ಶಕ್ತಿ ಇಳಿದು ಸಮತಟ್ಟಾಗುವವರೆಗೆ ಕಾಯಿರಿ. ಹಾಗಂತ ಇನ್ನೂ ಬಿಸಿ ಮಾಡಿ ಇನ್ನೂ ಹೊತ್ತು ಬಿಡುವುದು ಬೇಡ, ಸಣ್ಣ ಗ್ರೇನನ್ನು ದೊಡ್ಡದು ನುಂಗಲು ಶುರುಮಾಡುತ್ತದೆ.

ಈಗ ಎಳೆಯುವುದು. ಡಬ್ಬವನ್ನು ಹಿಗ್ಗಿಸುವ ಫಿಕ್ಸ್ ಡಿಫಾರ್ಮ್ ಆದೇಶದಲ್ಲಿ ಜೆಡ್ ದಿಕ್ಕಿಗೆ ಎರೇಟ್ (ಸ್ಟ್ರೇನ್ ಏರುವ ವೇಗ) 0.0001 ಕೊಡಿ. ಮೆಟಲ್ ಯೂನಿಟ್ಸ್‌ನಲ್ಲಿ ಸಮಯ ಪಿಕೊಸೆಕೆಂಡ್ ಆದ್ದರಿಂದ ಇದು ಸೆಕೆಂಡಿಗೆ 10 ಕೋಟಿ, ಶೇ. 10 ಸ್ಟ್ರೇನಿಗೆ 10 ಲಕ್ಷ ಹೆಜ್ಜೆ. ಎನ್‌ಪಿಟಿಯನ್ನು ಎಕ್ಸ್ ಮತ್ತು ವೈಗೆ ಮಾತ್ರ ಸೊನ್ನೆ ಒತ್ತಡದಲ್ಲಿ ಇಡಿ. ಹಿಂದಿನ ಹೆಜ್ಜೆಯ ಎನ್‌ಪಿಟಿಯಲ್ಲಿದ್ದ ಐಸೊ (ಮೂರೂ ದಿಕ್ಕಿಗೆ ಒಂದೇ ಒತ್ತಡ) ಹಾಗೇ ಉಳಿದಿದ್ದರೆ ಎರಡೂ ಫಿಕ್ಸ್‌ಗಳು ಜೆಡ್‌ಗಾಗಿ ಜಗಳಾಡಿ ಲ್ಯಾಂಪ್ಸ್ ಎರರ್ ಕೊಟ್ಟು ನಿಲ್ಲುತ್ತದೆ. ಎರರ್ ಬಂದರೆ ಪುಣ್ಯ. ಎರರ್ ಕೊಡದೆ ಕೆಡಿಸುವುದು ಇನ್ನೊಂದಿದೆ. ಸ್ಟ್ರೇನ್ ಲೆಕ್ಕಕ್ಕೆ ಮೂಲ ಉದ್ದವನ್ನು ಈಕ್ವಲ್ ವೇರಿಯಬಲ್ ಆಗಿ ನೇರ 'ಎಲ್‌ಜೆಡ್' (ಜೆಡ್ ದಿಕ್ಕಿನ ಡಬ್ಬದ ಉದ್ದ) ಎಂದು ಬರೆದರೆ ಪ್ರತಿ ಸಲವೂ ಆಗಿನ ಉದ್ದವೇ ಸಿಕ್ಕಿ ಸ್ಟ್ರೇನ್ ಕೊನೆಯವರೆಗೂ ಸೊನ್ನೆ. ಡಾಲರ್ ಚಿಹ್ನೆ ಹಾಕಿ ಆ ಕ್ಷಣದ ಬೆಲೆಯನ್ನು ಕಟ್ಟಿಹಾಕಬೇಕು. ಸ್ಟ್ರೆಸ್ ಬರುವುದು ಬಾರ್‌ನಲ್ಲಿ, ಚಿಹ್ನೆ ತಿರುಗಾಮುರುಗಾ: ಮೈನಸ್ 10,000ದಿಂದ ಭಾಗಿಸಿದರೆ ಗಿಗಾಪಾಸ್ಕಲ್.

ಮೊದಲು 1000 ಹೆಜ್ಜೆ ಓಡಿಸಿ ಲಾಗ್‌ನ ಲೂಪ್ ಟೈಮ್ ನೋಡಿ, 1000ದಿಂದ ಗುಣಿಸಿ. ರಾತ್ರಿ ಹಚ್ಚಿಟ್ಟರೆ ಮರುದಿನ ಮಧ್ಯಾಹ್ನ ದಾಟಿದರೂ ಆಶ್ಚರ್ಯವಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬಂದೀತು ಅನ್ನುವ ಖಾತ್ರಿ ಇಲ್ಲ, ಬ್ಯಾಟರಿ ಫುಲ್ ಲೋಡಿನಲ್ಲಿ ಬೇಗ ಖಾಲಿ. ಆದ್ದರಿಂದ ರಿಸ್ಟಾರ್ಟ್ 20,000 ಎಂದು ಬರೆದು ಎರಡು ಫೈಲ್ ಹೆಸರು ಕೊಡಿ; ಒಂದಾದ ಮೇಲೊಂದಕ್ಕೆ ಬರೆಯುತ್ತದೆ, ಬರೆಯುವಾಗಲೇ ಕರೆಂಟ್ ಹೋದರೂ ಇನ್ನೊಂದು ಉಳಿದಿರುತ್ತದೆ. ಮುಂದುವರಿಸುವಾಗ 'ಅಪ್‌ಟು' ಹಾಕಿ ರನ್ ಕೊಡಿ, ಫಿಕ್ಸ್, ಡಂಪ್ (ಪರಮಾಣುಗಳ ಸ್ಥಾನ ಬರೆದಿಡುವ ಆದೇಶ) ಎಲ್ಲವನ್ನೂ ಮತ್ತೆ ಬರೆಯಿರಿ. ವೇರಿಯಬಲ್‌ಗಳು ರಿಸ್ಟಾರ್ಟ್ ಫೈಲಿನಲ್ಲಿ ಇರುವುದಿಲ್ಲ. ಮೂಲ ಉದ್ದವನ್ನು ಹಳೇ ಲಾಗ್‌ನಿಂದ ನೋಡಿ ಅಂಕಿಯಾಗಿಯೇ ಟೈಪ್ ಮಾಡಿ, ಇಲ್ಲದಿದ್ದರೆ ಎಳೆದ ಉದ್ದವೇ ಮೂಲವಾಗಿಬಿಡುತ್ತದೆ.

ಓವಿಟೊದಲ್ಲಿ ಕಾಮನ್ ನೇಬರ್ ಅನಾಲಿಸಿಸ್ (ಅಕ್ಕಪಕ್ಕದ ಜೋಡಣೆ ನೋಡಿ ಪರಮಾಣುಗಳಿಗೆ ಬಣ್ಣ ಕೊಡುವುದು) ಹಚ್ಚಿ ಒಂದು ತೆಳು ಸ್ಲೈಸ್ ತೆಗೆಯಿರಿ. ಹಸಿರು ಎಂದರೆ ಕೆಡದ ಎಫ್‌ಸಿಸಿ (ತಾಮ್ರದ ಸಹಜ ಜೋಡಣೆ), ಬಿಳಿ ಬೌಂಡರಿ, ಕೆಂಪು ಎಚ್‌ಸಿಪಿ (ಪದರಗಳ ಕ್ರಮ ಬದಲಾದ ಜೋಡಣೆ). ಅಕ್ಕಪಕ್ಕ ಎರಡು ಕೆಂಪು ಸಾಲು ಕಂಡರೆ ಅದು ಸ್ಟ್ಯಾಕಿಂಗ್ ಫಾಲ್ಟ್ (ಪದರಗಳ ಕ್ರಮ ತಪ್ಪಿದ ಜಾಗ). ಒಂದೇ ಸಾಲಾದರೆ ಟ್ವಿನ್ ಬೌಂಡರಿ (ಎರಡು ಬದಿ ಕನ್ನಡಿ ಪ್ರತಿಬಿಂಬದಂತಿರುವ ಗಡಿ). ಸ್ಟ್ರೇನ್ ಏರಿದಂತೆ ಬಿಳಿ ಅಂಚಿನಿಂದ ಜೋಡಿ ಕೆಂಪು ಗೆರೆ ಹೊರಟು, ಗ್ರೇನ್ ದಾಟಿ ಎದುರಿನ ಬೌಂಡರಿಗೆ ಬಡಿಯುತ್ತದೆ: ಷಾಕ್ಲಿ ಪಾರ್ಷಿಯಲ್ (ಹರಳಿನ ಪದರಗಳನ್ನು ಭಾಗಶಃ ಜಾರಿಸುವ ದೋಷರೇಖೆ) ಸಾಗಿದ ಜಾಡು. ಅಂಥ ಗೆರೆಗಳು ವಿರಳವಾಗಿದ್ದು, ಆದರೂ ಲೋಹ ಉದ್ದವಾಗುತ್ತಿದ್ದರೆ ಗ್ರೇನುಗಳು ಒಂದರ ಪಕ್ಕ ಒಂದು ಜಾರುತ್ತಿವೆ; ಅಟಾಮಿಕ್ ಸ್ಟ್ರೇನ್ ಮಾಡಿಫೈಯರ್ ಹಚ್ಚಿದರೆ ಬಣ್ಣ ಬೌಂಡರಿಯಲ್ಲೇ ಕೇಂದ್ರೀಕರಿಸುತ್ತದೆ. ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ಹೇಳಿದ 'ಗ್ರೇನ್ ಸಣ್ಣದಾದಷ್ಟೂ ಗಟ್ಟಿ' ಎಂಬ ನಿಯಮ ತಲೆಕೆಳಗಾಗುವುದು ಇದರಿಂದಲೇ. ಶಿಯೊಟ್ಜ್ ಮತ್ತು ಯಾಕಬ್ಸನ್ 2003ರಲ್ಲಿ ತಾಮ್ರದ ಸಿಮ್ಯುಲೇಷನ್‌ನಲ್ಲಿ ಗರಿಷ್ಠ ಬಲ ಕಂಡದ್ದು 10ರಿಂದ 15 ನ್ಯಾನೊಮೀಟರ್ ನಡುವೆ. ಲ್ಯಾಪ್‌ಟಾಪಿನಲ್ಲಿ 5ರಿಂದ 10ರವರೆಗೆ ಹೋದವರಿಗೆ ಮೆದುವಾಗುವ ಬದಿ ಮಾತ್ರ ಸಿಗುತ್ತದೆ. ವರದಿಯಲ್ಲಿ ಅಷ್ಟನ್ನೇ ಬರೆಯುವುದು ಲೇಸು. ಹೋಲಿಸುವಾಗ ಕರ್ವ್‌ನ ತುದಿ ಹಿಡಿಯಬೇಡಿ, ಶೇ. 7ರಿಂದ 10 ಸ್ಟ್ರೇನಿನ ನಡುವಿನ ಸರಾಸರಿ ಸ್ಟ್ರೆಸ್ ತೆಗೆದುಕೊಳ್ಳಿ. ಪ್ರತಿ ಗಾತ್ರಕ್ಕೂ ಬೇರೆ ಬೇರೆ ರ‍್ಯಾಂಡಮ್ ಜೋಡಣೆಯ ಮೂರು ಮಾದರಿ ಇರಲಿ, 8 ಗ್ರೇನಿನಲ್ಲಿ ಒಂದರ ದಿಕ್ಕು ಬದಲಾದರೂ ಫಲಿತಾಂಶ ಅಲುಗುತ್ತದೆ.

ಪ್ರಯೋಗಾಲಯದ ಟೆನ್‌ಸೈಲ್ ಯಂತ್ರ ಸೆಕೆಂಡಿಗೆ 0.001ರ ಆಸುಪಾಸು ಎಳೆಯುತ್ತದೆ, ಇಲ್ಲಿ ಅದರ ಹತ್ತು ಸಾವಿರ ಕೋಟಿ ಪಟ್ಟು ವೇಗ. ಗಿಗಾಪಾಸ್ಕಲ್ ಅಂಕಿಯನ್ನು ಯಂತ್ರದ ಅಂಕಿಯ ಪಕ್ಕ ಇಡುವುದಕ್ಕಿಂತ, ಎರೇಟ್ 0.001ರಲ್ಲೂ ಒಮ್ಮೆ ಓಡಿಸಿ ವ್ಯತ್ಯಾಸ ಎಷ್ಟೆಂದು ತೋರಿಸಿ. ಬಂದರಿನ ಊರಿನವರಿಗೆ ಸಹಜವಾಗಿ ಬರುವ ಇನ್ನೊಂದು ಆಸೆ, ಉಪ್ಪುನೀರಿನಲ್ಲಿ ಲೋಹ ತಿನ್ನಿಹೋಗುವುದನ್ನೂ ಇದೇ ಫೈಲಿನಲ್ಲಿ ನೋಡೋಣ ಅನ್ನುವುದು. ಈ ಇಎಎಂಗೆ ತಾಮ್ರ ಬಿಟ್ಟು ಬೇರೇನೂ ಗೊತ್ತಿಲ್ಲ, ನೀರೂ ಇಲ್ಲ, ಕ್ಲೋರೈಡೂ ಇಲ್ಲ. ಅದಕ್ಕೆ ರಾಸಾಯನಿಕ ಬಂಧ ಮುರಿದು ಕೂಡುವುದನ್ನೂ ಲೆಕ್ಕ ಹಾಕುವ ರಿಯಾಕ್ಸ್‌ಎಫ್‌ಎಫ್ ಥರದ ಪೊಟೆನ್ಶಿಯಲ್ ಬೇಕು, ಹೆಜ್ಜೆ ಇನ್ನೂ ಚಿಕ್ಕದು, ಅದೇ ಬೇರೆ ಪ್ರಾಜೆಕ್ಟ್.