ಭಾರತದ ರಾಷ್ಟ್ರಪತಿಯಾಗಲು ಯಾವ ಅನುಭವ ಬೇಕು, ನಾಮಪತ್ರ ಹೇಗೆ ಸಲ್ಲಿಸಬೇಕು

ನಮ್ಮಲ್ಲಿ ಗ್ರೂಪ್ ಡಿ ನೌಕರಿಗೂ ವಿದ್ಯಾರ್ಹತೆ ಕೇಳುತ್ತಾರೆ. ರಾಷ್ಟ್ರಪತಿ ಹುದ್ದೆಗೆ ಕೇಳುವುದಿಲ್ಲ. ಸಂವಿಧಾನದ 58ನೇ ವಿಧಿಯ ಪ್ರಕಾರ ಭಾರತದ ಪ್ರಜೆಯಾಗಿದ್ದು, 35 ವರ್ಷ ತುಂಬಿ, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇದ್ದರೆ ಸಾಕು. ಜತೆಗೆ ಒಂದು ನಿಷೇಧವಿದೆ: ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆಯಲ್ಲಿ ಇರಬಾರದು. ಅನುಭವದ ಬಗ್ಗೆ ಒಂದಕ್ಷರವೂ ಇಲ್ಲ. ಅನುಭವವನ್ನು ಕೇಳುವವರು ಬೇರೆ, ನಾಮಪತ್ರಕ್ಕೆ ಸಹಿ ಹಾಕಬೇಕಾದ ಸಂಸದರು ಮತ್ತು ಶಾಸಕರು.

ನಾಮಪತ್ರಕ್ಕೆ ಕನಿಷ್ಠ 50 ಸೂಚಕರು, 50 ಅನುಮೋದಕರು ಬೇಕು. ನೂರೂ ಮಂದಿ ಈ ಚುನಾವಣೆಯ ಮತದಾರರೇ ಆಗಿರಬೇಕು, ಅಂದರೆ ಚುನಾಯಿತ ಸಂಸದರು ಅಥವಾ ವಿಧಾನಸಭೆಯ ಚುನಾಯಿತ ಶಾಸಕರು. ವಿಧಾನ ಪರಿಷತ್ ಸದಸ್ಯರಿಗೂ ನಾಮನಿರ್ದೇಶಿತ ಸಂಸದರಿಗೂ ಮತವಿಲ್ಲ, ಅವರ ಸಹಿಯೂ ನಡೆಯದು. ಮೊದಲು ಇಷ್ಟು ಬಿಗಿ ಇರಲಿಲ್ಲ. 1967ರಲ್ಲಿ 17 ಮಂದಿ ಕಣದಲ್ಲಿದ್ದರು. ಅವರಲ್ಲಿ ಒಂಬತ್ತು ಮಂದಿಗೆ ಒಂದು ಮತವೂ ಬೀಳಲಿಲ್ಲ. ಹೆಸರಿಗಾಗಿ ನಿಲ್ಲುವವರನ್ನು ತಡೆಯಲು 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಎಂಬ ನಿಯಮ ಬಂತು. 1997ರಲ್ಲಿ ಅದು 50, 50 ಮತ್ತು 15,000 ರೂಪಾಯಿಗೆ ಏರಿತು. ಠೇವಣಿಯನ್ನು ಯಾರು ಬೇಕಾದರೂ ಹೊಂದಿಸಿಯಾರು. ನೂರು ಸಹಿ ಹೊಂದಿಸುವುದೇ ಕಷ್ಟ.

ಲೆಕ್ಕಕ್ಕೆ ಬರುವ ಅನುಭವ

ರಾಷ್ಟ್ರಪತಿಯ ಕೆಲಸದಲ್ಲಿ ಬಹುಪಾಲು ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತದೆ. ಸ್ವಂತ ವಿವೇಚನೆಗೆ ಜಾಗ ಸಿಗುವುದು ಕೆಲವೇ ಕಡೆ: ಅತಂತ್ರ ಲೋಕಸಭೆ ಬಂದಾಗ ಯಾರನ್ನು ಕರೆಯಬೇಕು, ಯಾವ ಮಸೂದೆಯನ್ನು ಮರುಪರಿಶೀಲನೆಗೆ ಕಳಿಸಬೇಕು, ಸಂಪುಟದ ಯಾವ ಸಲಹೆಯನ್ನು ಒಮ್ಮೆ ಹಿಂತಿರುಗಿಸಬೇಕು. ಅಭ್ಯರ್ಥಿಯ ಅನುಭವವನ್ನು ಅಳೆಯಬೇಕಾದ್ದು ಇವುಗಳಿಗೆ ಹಿಡಿದು.

ಆ ದೃಷ್ಟಿಯಿಂದ ರಾಜ್ಯಪಾಲರ ಹುದ್ದೆಯೇ ಅತ್ಯಂತ ಹತ್ತಿರದ ತರಬೇತಿ. ಮಸೂದೆಗೆ ಅಂಕಿತ, ಸರ್ಕಾರ ರಚನೆಗೆ ಆಹ್ವಾನ, ಶಿಕ್ಷೆಯ ಕ್ಷಮಾದಾನ, ಎಲ್ಲವೂ ಅಲ್ಲಿ ರಾಜ್ಯದ ಮಟ್ಟದಲ್ಲಿ ಇವೆ. ಜಾರ್ಖಂಡ್ ರಾಜ್ಯಪಾಲರಾಗಿದ್ದ ದ್ರೌಪದಿ ಮುರ್ಮು 2017ರಲ್ಲಿ ಆದಿವಾಸಿಗಳ ಭೂಮಿಗೆ ಸಂಬಂಧಿಸಿದ ತಿದ್ದುಪಡಿ ಮಸೂದೆಗಳನ್ನು ಹಿಂತಿರುಗಿಸಿದ್ದರು. ರಾಮನಾಥ್ ಕೋವಿಂದ್ ಬಿಹಾರದಿಂದ, ಪ್ರತಿಭಾ ಪಾಟೀಲ್ ರಾಜಸ್ಥಾನದ ರಾಜಭವನದಿಂದ ಬಂದವರು. ವಿ. ವಿ. ಗಿರಿ ಆಗಿನ ಮೈಸೂರು ರಾಜ್ಯದಲ್ಲೂ ರಾಜ್ಯಪಾಲರಾಗಿದ್ದರು. ಇನ್ನೊಂದು ಅನುಕೂಲವೂ ಇದೆ: ರಾಜ್ಯಪಾಲ, ಉಪರಾಷ್ಟ್ರಪತಿ, ಸಚಿವ ಹುದ್ದೆಗಳನ್ನು 58ನೇ ವಿಧಿಯೇ ಲಾಭದಾಯಕ ಹುದ್ದೆಯ ಪಟ್ಟಿಯಿಂದ ಹೊರಗಿಟ್ಟಿದೆ.

ಉಪರಾಷ್ಟ್ರಪತಿ ಹುದ್ದೆಯಿಂದ ಮೇಲೇರಿದವರು ಆರು ಮಂದಿ: ರಾಧಾಕೃಷ್ಣನ್, ಜಾಕೀರ್ ಹುಸೇನ್, ಗಿರಿ, ವೆಂಕಟರಾಮನ್, ಶಂಕರ ದಯಾಳ್ ಶರ್ಮಾ, ಕೆ. ಆರ್. ನಾರಾಯಣನ್. ಇದನ್ನು ಖಚಿತ ಮೆಟ್ಟಿಲು ಎಂದುಕೊಳ್ಳುವುದು ತಪ್ಪು. ನಾರಾಯಣನ್ ನಂತರ ಆ ದಾರಿಯಿಂದ ಯಾರೂ ಬಂದಿಲ್ಲ. ಆದರೆ ನಾರಾಯಣನ್ ಅವರ ಅನುಭವ ಹೇಗೆ ಕೆಲಸಕ್ಕೆ ಬಂತೆಂದು ನೋಡಬೇಕು. ವಿದೇಶಾಂಗ ಸೇವೆ, ಸಂಸತ್ತು ಎರಡರಲ್ಲೂ ಪಳಗಿದ್ದ ಅವರು 1997ರಲ್ಲಿ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರುವ ಸಂಪುಟದ ಶಿಫಾರಸನ್ನು ಹಿಂತಿರುಗಿಸಿದರು. 1998ರಲ್ಲಿ ಸರ್ಕಾರ ರಚನೆಗೆ ಕರೆಯುವ ಮೊದಲು ಬೆಂಬಲದ ಪತ್ರಗಳನ್ನು ಕೇಳಿದರು. ಇದಕ್ಕೆ ಎರಡು ವರ್ಷ ಹಿಂದೆ ಅತಿ ದೊಡ್ಡ ಪಕ್ಷ ಎಂಬ ಕಾರಣಕ್ಕೆ ಆಹ್ವಾನ ಪಡೆದ ಸರ್ಕಾರ 13 ದಿನಕ್ಕೆ ಬಿದ್ದಿತ್ತು.

ಸಚಿವ ಸ್ಥಾನದ ಅನುಭವ ಎರಡಲಗಿನದು. ಕಡತ ಓದುವುದು ಕಲಿಸುತ್ತದೆ, ಪ್ರಧಾನಿಯ ಮಾತಿಗೆ ತಲೆಯಾಡಿಸುವುದನ್ನೂ ಕಲಿಸಬಹುದು. ಕೇಂದ್ರ ಸಚಿವರಾಗಿದ್ದ ಫಕ್ರುದ್ದೀನ್ ಅಲಿ ಅಹ್ಮದ್ 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದ್ದು, ಅದೂ ಸಂಪುಟದ ಸಭೆ ನಡೆಯುವ ಮೊದಲೇ, ಇದಕ್ಕೆ ಸಾಕ್ಷಿ. ಇತ್ತ ಕೇಂದ್ರ ಗೃಹ ಸಚಿವರಾಗಿದ್ದ ಜೈಲ್ ಸಿಂಗ್ ಅಂಚೆ ತಿದ್ದುಪಡಿ ಮಸೂದೆಗೆ ಅಂಕಿತವನ್ನೂ ಹಾಕದೆ, ಹಿಂತಿರುಗಿಸದೆ ಇಟ್ಟುಕೊಂಡರು. ಸಂವಿಧಾನದಲ್ಲಿ ಇದಕ್ಕೆ ಗಡುವು ಇಲ್ಲದ್ದನ್ನು ಬಳಸಿಕೊಂಡ ಜಾಣತನ ಅದು.

ಕರ್ನಾಟಕದಿಂದ ಈ ಕುರ್ಚಿಗೆ ಅತ್ಯಂತ ಹತ್ತಿರ ಹೋದವರು ಬಿ. ಡಿ. ಜತ್ತಿ. ಜಮಖಂಡಿ ಪುರಸಭೆ, ಮೈಸೂರು ರಾಜ್ಯದ ಮುಖ್ಯಮಂತ್ರಿ, ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒಡಿಶಾ ರಾಜ್ಯಪಾಲ, ಉಪರಾಷ್ಟ್ರಪತಿ. 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಸಹಿ ಹಾಕಲು ಅವರು ಹಿಂಜರಿದು, ಕೊನೆಗೆ ಹಾಕಿದರು.

ರಾಜಕೀಯದ ಹೊರಗಿನಿಂದ ಬರುವುದು ಸಾಧ್ಯ, ಅಪರೂಪ. ಎ. ಪಿ. ಜೆ. ಅಬ್ದುಲ್ ಕಲಾಂ ಯಾವ ರಾಜಕೀಯ ಹುದ್ದೆಯನ್ನೂ ಹಿಡಿದವರಲ್ಲ. ಆದರೆ 2002ರಲ್ಲಿ ಆಡಳಿತ ಮೈತ್ರಿಕೂಟವೂ ಕಾಂಗ್ರೆಸ್ಸೂ ಅವರ ಬೆನ್ನಿಗಿದ್ದವು. ಲಕ್ಷ್ಮಿ ಸೆಹಗಲ್ ಅವರನ್ನು ಕಣಕ್ಕಿಳಿಸಿದ್ದು ಎಡಪಕ್ಷಗಳು ಮಾತ್ರ. ರಾಕೆಟ್ ವಿಜ್ಞಾನ ಒಂದೇ ಇಟ್ಟುಕೊಂಡು ನೂರು ಸಹಿ ಸಿಗುತ್ತಿರಲಿಲ್ಲ.

ಕಾಗದಪತ್ರ, ಮತ್ತು ಅವು ಎಲ್ಲಿ ಕೆಡುತ್ತವೆ

ಮುರ್ಮು ಅಧಿಕಾರ ವಹಿಸಿದ್ದು 2022ರ ಜುಲೈ 25ರಂದು. ಅವಧಿ ಐದು ವರ್ಷ. ಅಧಿಸೂಚನೆ ಬಂದ ಮೇಲೆ ನಾಮಪತ್ರಕ್ಕೆ ಸಿಗುವುದು ಎರಡೇ ವಾರ: 2022ರಲ್ಲಿ ಜೂನ್ 15ರಿಂದ 29. ಪರಿಶೀಲನೆ ಮರುದಿನ. ಆದ್ದರಿಂದ ಸಹಿ ಸಂಗ್ರಹದ ಮಾತುಕತೆ ಅಧಿಸೂಚನೆಗೆ ಮುಂಚೆಯೇ ಮುಗಿದಿರಬೇಕು.

ಮೊದಲು ನಿಮ್ಮ ಹೆಸರಿರುವ ಮತದಾರರ ಪಟ್ಟಿಯ ನಮೂದಿನ ದೃಢೀಕೃತ ಪ್ರತಿ ತೆಗೆಸಿ. ಇದು ಮತದಾರರ ನೋಂದಣಾಧಿಕಾರಿಯಿಂದ ಸಿಗುತ್ತದೆ. ವೆಬ್‌ಸೈಟಿನಿಂದ ಇಳಿಸಿಕೊಂಡ ಪುಟಕ್ಕೂ ಗುರುತಿನ ಚೀಟಿಯ ಜೆರಾಕ್ಸಿಗೂ ಬೆಲೆಯಿಲ್ಲ. ಲಾಭದಾಯಕ ಎನ್ನಿಸಬಹುದಾದ ಹುದ್ದೆ ಯಾವುದಿದ್ದರೂ, ಗೌರವ ಹುದ್ದೆ ಎಂದು ನೀವು ಭಾವಿಸಿದ್ದರೂ, ಬಿಟ್ಟುಬಿಡಿ. ರಾಜೀನಾಮೆ ಅಂಗೀಕಾರವಾದ ಪತ್ರ ಕೈಲಿರಲಿ. 2012ರಲ್ಲಿ ಪ್ರಣಬ್ ಮುಖರ್ಜಿ ಅವರ ಆಯ್ಕೆಯನ್ನು ಪಿ. ಎ. ಸಂಗ್ಮಾ ಪ್ರಶ್ನಿಸಿದ್ದು ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಧ್ಯಕ್ಷತೆಯ ವಿಚಾರದಲ್ಲೇ. ಸುಪ್ರೀಂ ಕೋರ್ಟು ಅರ್ಜಿ ವಜಾ ಮಾಡಿತು, ಆದರೆ ಆ ತಲೆನೋವು ಬೇಡ.

ಸಹಿಯಲ್ಲಿ ಆಗುವ ಎಡವಟ್ಟು ಒಂದಿದೆ. ಒಬ್ಬ ಮತದಾರ ಸೂಚಕನಾಗಿಯೋ ಅನುಮೋದಕನಾಗಿಯೋ ಒಂದೇ ನಾಮಪತ್ರಕ್ಕೆ ಸಹಿ ಹಾಕಬಹುದು. ಎರಡಕ್ಕೆ ಹಾಕಿದ್ದರೆ ಮೊದಲು ಸಲ್ಲಿಕೆಯಾದದ್ದರಲ್ಲಿ ಮಾತ್ರ ಅದು ಊರ್ಜಿತ. ನಿಮ್ಮ ಹಾಳೆಯಲ್ಲಿ ಸರಿಯಾಗಿ 50 ಮಂದಿಯಿದ್ದು ಅವರಲ್ಲೊಬ್ಬರು ಇನ್ನೊಬ್ಬ ಅಭ್ಯರ್ಥಿಗೂ ಸಹಿ ಕೊಟ್ಟು, ಆ ನಾಮಪತ್ರ ಮೊದಲು ಸಲ್ಲಿಕೆಯಾಗಿದ್ದರೆ ನಿಮ್ಮ ಇಡೀ ನಾಮಪತ್ರ ಬಿದ್ದುಹೋಗುತ್ತದೆ. 60, 60 ಇಟ್ಟುಕೊಳ್ಳುವುದು ಕ್ಷೇಮ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರದವರೆಗೆ ಸಲ್ಲಿಸಬಹುದು. ಇದೇ ನಿಯಮದಿಂದಾಗಿ ನಾಲ್ಕಕ್ಕೂ ಬೇರೆ ಬೇರೆ 400 ಮಂದಿ ಬೇಕು. ಠೇವಣಿ ಮಾತ್ರ ಒಂದೇ ಸಲ.

ಸಲ್ಲಿಕೆ ದೆಹಲಿಯಲ್ಲಿ, ಚುನಾವಣಾಧಿಕಾರಿಯ ಮುಂದೆ. ಲೋಕಸಭೆ ಮತ್ತು ರಾಜ್ಯಸಭೆಯ ಮಹಾಕಾರ್ಯದರ್ಶಿಗಳು ಸರದಿಯಂತೆ ಈ ಹೊಣೆ ಹೊರುತ್ತಾರೆ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ ಅಭ್ಯರ್ಥಿಯೇ, ಇಲ್ಲವೆ ಸೂಚಕ ಅಥವಾ ಅನುಮೋದಕರಲ್ಲೊಬ್ಬರು ಕೈಯಾರೆ ಕೊಡಬೇಕು. ಅಂಚೆಯಲ್ಲಿ ಕಳಿಸಿದ್ದು ನಡೆಯದು. ಈ ಸಣ್ಣ ಶರತ್ತುಗಳಲ್ಲೇ ಬಹುತೇಕರು ಉದುರುತ್ತಾರೆ. 1977ರಲ್ಲಿ 37 ಮಂದಿ ನಾಮಪತ್ರ ಸಲ್ಲಿಸಿ 36 ಮಂದಿಯದು ತಿರಸ್ಕೃತವಾಯಿತು. ನೀಲಂ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು.

ಮತದ ತೂಕ

ಕಣದಲ್ಲಿ ಉಳಿದರೆ ಎಲ್ಲಿ ಪ್ರಚಾರ ಮಾಡಬೇಕೆಂಬುದನ್ನು 1971ರ ಜನಗಣತಿ ಹೇಳುತ್ತದೆ. ರಾಜ್ಯದ ಆಗಿನ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತಮೌಲ್ಯ ಸಿಗುತ್ತದೆ. ಉತ್ತರ ಪ್ರದೇಶದವರದು 208, ಸಿಕ್ಕಿಂನವರದು 7, ನಮ್ಮವರದು 131. 224 ಶಾಸಕರಿಂದ ಒಟ್ಟು 29,344. ಸಂಸದರ ಮತಮೌಲ್ಯ 2022ರಲ್ಲಿ 700 ಇತ್ತು.

ಮತದಾನ ಗುಪ್ತ, ಪಕ್ಷದ ವಿಪ್ ಅನ್ವಯಿಸದು. ಮತದಾರರು ಆದ್ಯತೆಯ ಅಂಕಿ ಬರೆಯಬೇಕು, ಅದೂ ಚುನಾವಣಾ ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ. ಸ್ವಂತ ಪೆನ್ನು ಬಳಸಿದರೆ ಮತ ಕೆಟ್ಟಂತೆ. 2022ರಲ್ಲಿ 53 ಮತಗಳು ಅಸಿಂಧುವಾದವು. ಗೆಲ್ಲಲು ಬೇಕಿದ್ದ ಮೌಲ್ಯ 5,28,491. ಮುರ್ಮು ಪಡೆದದ್ದು 6,76,803, ಯಶವಂತ ಸಿನ್ಹಾ ಪಡೆದದ್ದು 3,80,177. ಗೆಲುವಿಗೆ ಬೇಕಾದ ಮೌಲ್ಯದ ಆರನೇ ಒಂದು ಭಾಗ ದಾಟದಿದ್ದರೆ 15,000 ರೂಪಾಯಿ ವಾಪಸ್ ಬರುವುದಿಲ್ಲ.