ಬೇರೆಯವರ ಕೈ ಅಳತೆಗೆ ಮಾಡಿಸಿದ ಬಾಸ್

ನನ್ನ ಹತ್ತಿರ ಇರುವ ಬಾಸ್ ಗಿಟಾರ್ ನನಗಾಗಿ ಮಾಡಿದ್ದಲ್ಲ. ಬೆಂಗಳೂರಿನ ಸ್ಟುಡಿಯೋ, ಆರ್ಕೆಸ್ಟ್ರಾ ಅಂತ ಇಪ್ಪತ್ತು ವರ್ಷಕ್ಕೂ ಜಾಸ್ತಿ ನುಡಿಸಿದ ಹಿರಿಯರೊಬ್ಬರು ತಮ್ಮ ಕೈ ಅಳತೆ ಕೊಟ್ಟು, ದುಡ್ಡು ಕೂಡಿಟ್ಟು ಮಾಡಿಸಿಕೊಂಡಿದ್ದು. ಬೆರಳಿನ ಗಂಟು ನೋವು ಶುರುವಾದ ಮೇಲೆ ಮಾರಲು ಹೊರಟರು. ಹೆಸರು ಬರೀಬೇಡ ಅಂದಿದ್ದಾರೆ, ಹಾಗಾಗಿ ಇಲ್ಲಿ ಬರೀ ಸರ್.

ಐದು ತಂತಿ, 35 ಇಂಚು ಸ್ಕೇಲ್. ಸ್ಕೇಲ್ ಅಂದರೆ ಇಲ್ಲಿ ಗಾಯಕರು ಕೇಳುವ ಶ್ರುತಿ ಅಲ್ಲ, ನಟ್‌ನಿಂದ (ತಲೆಯ ಹತ್ತಿರ ತಂತಿ ಕೂರುವ ಪಟ್ಟಿ) ಬ್ರಿಡ್ಜ್‌ವರೆಗೆ (ಬಾಡಿಯ ಮೇಲೆ ತಂತಿಯನ್ನು ಹೊರುವ ಭಾಗ) ನುಡಿಯುವ ತಂತಿಯ ಉದ್ದ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ತಂದಾಗಿನಿಂದ ಹೆಚ್ಚಿನ ಬಾಸ್‌ಗಳು 34 ಇಂಚೇ. ಒಂದು ಇಂಚು ಜಾಸ್ತಿ ಮಾಡೋದು ಐದನೇ ತಂತಿ, ಅಂದರೆ ಬಿ, ಬಿಗಿಯಾಗಿ ನಿಲ್ಲಲಿ ಅಂತ. ಅದು ಸುಮಾರು 31 ಹರ್ಟ್ಸ್‌ನ ಸ್ವರ. ಸಡಿಲವಾದರೆ ಸ್ವರ ಬರಲ್ಲ, ಬರೀ ಗೊರಗೊರ.

ಇಂಥವರು ನುಡಿಸಿದ್ದು ಅಂತ ಹೇಳಿ ರೇಟು ಏರಿಸೋದು ಸೆಕೆಂಡ್‌ಹ್ಯಾಂಡ್ ವ್ಯಾಪಾರದಲ್ಲಿ ಮಾಮೂಲು. ಸರ್ ಮೇಲೆ ಅನುಮಾನ ಇರಲಿಲ್ಲ, ಆದರೂ ಅಭ್ಯಾಸ ಬಲ, ಅವರ ಹಳೇ ಸ್ಟೇಜ್ ಫೋಟೋ ಒಂದನ್ನು ಮೊಬೈಲಲ್ಲಿ ದೊಡ್ಡದು ಮಾಡಿ ಬಾಡಿಯ ಮರದ ಗೆರೆಗಳಿಗೆ ಹೋಲಿಸಿದೆ. ಬಣ್ಣ ಹೊಡೆಯದ ಮರಕ್ಕೆ ಇದೇ ಒಳ್ಳೇ ಪರೀಕ್ಷೆ, ಒಂದರ ಗೆರೆ ಇನ್ನೊಂದಕ್ಕೆ ಇರಲ್ಲ. ಬ್ರಿಡ್ಜ್ ಪಕ್ಕದ ಕಣ್ಣಿನಂಥ ಗಂಟು ಫೋಟೋದಲ್ಲೂ ಇತ್ತು, ನನ್ನ ತೊಡೆ ಮೇಲೂ ಇತ್ತು. ಕೇಸ್‌ನಲ್ಲಿ ಮಾಡಿದವರ ಚೀಟಿ ಬೇರೆ ಸಿಕ್ಕಿತು: ನೆಕ್ (ಕತ್ತು) ಮೇಪಲ್, ಅದರ ಮೇಲೆ ಬೆರಳೊತ್ತುವ ಹಲಗೆ, ಅಂದರೆ ಫಿಂಗರ್‌ಬೋರ್ಡ್, ಇಂಡಿಯನ್ ರೋಸ್‌ವುಡ್. ಅಂದರೆ ನಮ್ಮ ಬೀಟೆ!

ಮನೆಗೆ ತಂದ ಮೊದಲ ವಾರ ಬಿ ತಂತಿಯಲ್ಲಿ ಎರಡೇ ಎರಡು ಜಾಗದಲ್ಲಿ ಜಿರ್ರ್ ಅಂತಿತ್ತು. ಟಾರ್ಚ್ ಹಿಡಿದು ನೋಡಿದೆ. ಎರಡನೇ ಮತ್ತು ಮೂರನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಫಿಂಗರ್‌ಬೋರ್ಡ್ ಮೇಲಿನ ಅಡ್ಡ ಲೋಹದ ಪಟ್ಟಿ), ಸರಿಯಾಗಿ ಆ ದಪ್ಪ ತಂತಿಯ ಕೆಳಗೆ, ಉಗುರು ಸಿಕ್ಕುವಷ್ಟು ಹಳ್ಳ. ಮೇಲಿನ ಫ್ರೆಟ್‌ಗಳು ಹೊಸದರ ಹಾಗೇ ಇವೆ. ಬಿ ತಂತಿಯಲ್ಲಿ ಆ ಎರಡು ಫ್ರೆಟ್ ಅಂದರೆ ಸಿ ಶಾರ್ಪ್ ಮತ್ತು ಡಿ. ಸರ್‌ಗೆ ಫೋನ್ ಮಾಡಿದೆ.

"ನಾಲ್ಕು ತಂತಿ ಇದ್ರೆ ಕೆಳಗೆ ಇ ಸ್ವರದವರೆಗೆ ಮಾತ್ರ ಅಲ್ವೇನಪ್ಪಾ," ಅಂದರು. "ಹಾಡು ಇ ಅಲ್ಲಿ ಪ್ರಾಕ್ಟೀಸ್ ಮಾಡಿರ್ತೀವಿ. ಗಾಯಕರು ಸ್ಟೇಜಿಗೆ ಬಂದು, ಗಂಟಲು ಸರಿ ಇಲ್ಲ, ಡಿ ಮಾಡ್ಕೊಳ್ಳಿ ಅಂತಾರೆ. ಆಗೇನು ಮಾಡ್ತೀಯ?"

ಡಿ ಅಂದರೆ ಇಗಿಂತ ಕೆಳಗೆ, ನಾಲ್ಕು ತಂತಿಯಲ್ಲಿ ಆ ಸ್ವರ ಇಲ್ಲ. ಅದಕ್ಕೇ ಐದನೇ ತಂತಿ! ನಾನು ಇಷ್ಟು ದಿನ ಅದು ಸ್ಟೈಲ್‌ಗೆ ಅಂದುಕೊಂಡಿದ್ದೆ. ಇನ್ನೊಂದು ಮಾತೂ ಹೇಳಿದರು: ತಬಲಾ ಇರುವ ಹಾಡಲ್ಲಿ ಬಿ ತಂತಿ ಎಳೆದು ಎಳೆದು ಬಿಡಬೇಡ, ಡಗ್ಗದ (ತಬಲಾ ಜೋಡಿಯ ದಪ್ಪ ದನಿಯದು) ಜೊತೆ ಜಗಳ ಆಗುತ್ತೆ, ಮುಟ್ಟಿ ತಕ್ಷಣ ಕೈ ಎತ್ತು.

ಒಂದು ಅಂಗಡಿಯಲ್ಲಿ ತೋರಿಸಿದರೆ ಇಪ್ಪತ್ನಾಲ್ಕು ಫ್ರೆಟ್ಟೂ ಕೀಳಬೇಕು, ಜೊತೆಗೆ ಸರ್ ಹೆಬ್ಬೆರಳು ಊರಿ ಊರಿ ಪಾಲಿಶ್ ಹೋದ ಜಾಗವನ್ನು ಉಜ್ಜಿ ಹೊಸದು ಮಾಡಿ ಕೊಡ್ತೀವಿ ಅಂದರು. ಸುಮ್ನೆ ಎತ್ತಿಕೊಂಡು ಬಂದೆ. ಕೊನೆಗೆ ಪರಿಚಯದ ಒಬ್ಬರ ಹತ್ತಿರ ಮೊದಲ ಐದು ಫ್ರೆಟ್ ಮಾತ್ರ ಬದಲಾಯಿಸಿ, ಉಳಿದವಕ್ಕೆ ಮಟ್ಟ ಕೂಡಿಸಿದೆ. ಸರ್ ಸ್ಟೀಲ್ ತಂತಿ ಹಾಕುತ್ತಿದ್ದರು, ಅದು ಫ್ರೆಟ್ಟನ್ನು ಬೇಗ ತಿನ್ನುತ್ತೆ. ನಾನು ನಿಕಲ್‌ಗೆ ಬಂದೆ. ಹೊಳಪು ಸ್ವಲ್ಪ ಕಮ್ಮಿ, ಪರವಾಗಿಲ್ಲ.

ತಂತಿ ತರುವಾಗ ಒಂದು ಪೆಟ್ಟು ತಿಂದೆ. ಅವಸರದಲ್ಲಿ ಮಾಮೂಲಿ 34 ಇಂಚಿನ ಸೆಟ್ ತಂದೆ. ಬಿ ತಂತಿಯ ತುದಿ ಸಣ್ಣಗಾಗುವ ಭಾಗ ನಟ್ ದಾಟಿ ಒಳಗೇ ಬಂದು ಕೂತಿತು, ಖಾಲಿ ತಂತಿ ನುಡಿಸಿದರೆ ಶ್ರುತಿ ತೇಲಾಡುತ್ತಿತ್ತು. ಸೆಟ್ ದಂಡ. ಕಸ್ಟಮ್ ಬಾಸ್ ತಗೊಳ್ಳುವವರು ನಟ್‌ನಿಂದ ತಂತಿಯ ಬುಡದ ಲೋಹದ ಗುಂಡು ಕೂರುವ ಜಾಗದವರೆಗೆ ಟೇಪ್ ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗಿ. ತಂತಿಯನ್ನು ಬಾಡಿಯ ಹಿಂದಿನಿಂದ ಹಾಕುವ ಬಾಸ್ ಆದರೆ ಇನ್ನೂ ಉದ್ದ ಬೇಕು.

ನೆಕ್ ವಿಷಯ ಹೆಚ್ಚೇನಿಲ್ಲ. ಮಾರ್ಚ್‌ನ ಒಣ ಹವೆಗೆ ಹಿಂದಕ್ಕೆ ಬಾಗುತ್ತೆ, ಮಳೆಗಾಲಕ್ಕೆ ಮುಂದಕ್ಕೆ. ಬಾಗು ಸರಿಮಾಡಲು ನೆಕ್ ಒಳಗಿರುವ ಲೋಹದ ಸರಳು, ಟ್ರಸ್ ರಾಡ್, ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ನೋಡಿ. ಒಂದೇ ಸಲ ಪೂರ್ತಿ ಸುತ್ತು ತಿರುಗಿಸುವ ಧೈರ್ಯ ಬೇಡ.

ಬ್ಯಾಟರಿ ಮಾತ್ರ ಮರೆಯಬೇಡಿ. ಒಳಗಿರುವ ಪ್ರೀಆಂಪ್, ಅಂದರೆ ದನಿಗೆ ಬಲ ಕೊಡುವ ಸರ್ಕ್ಯೂಟ್, 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತೆ. ಸ್ವಿಚ್ ಇಲ್ಲ, ಕೇಬಲ್ ಚುಚ್ಚಿದರೆ ಆನ್, ಕಿತ್ತರೆ ಆಫ್. ಪ್ರಾಕ್ಟೀಸ್ ಮುಗಿಸಿ ಕೇಬಲ್ ಕೀಳದೆ ಎರಡು ದಿನ ಗೋಡೆಗೆ ಒರಗಿಸಿಟ್ಟಿದ್ದೆ. ಗಣೇಶನ ಪೆಂಡಾಲಿನಲ್ಲಿ ಮೂರನೇ ಹಾಡಿಗೆ ದನಿ ಒಡೆಯಿತು, ನಾಲ್ಕನೆಯದಕ್ಕೆ ಪೂರ್ತಿ ಸತ್ತಿತು. ಕೀಬೋರ್ಡಿನವರು ಎಡಗೈಯಲ್ಲಿ ಬಾಸ್ ಹಿಡಿದು ಮರ್ಯಾದೆ ಉಳಿಸಿದರು. ಈಗ ಕೇಸ್‌ನಲ್ಲಿ ಯಾವಾಗಲೂ ಎರಡು ಬ್ಯಾಟರಿ, ಒಂದು ಸ್ಕ್ರೂಡ್ರೈವರ್.

ಬದಲಾಯಿಸಲು ಆಗದೇ ಇರೋದು ತಂತಿಗಳ ನಡುವಿನ ಜಾಗ. ಬ್ರಿಡ್ಜ್ ಹತ್ತಿರ 17 ಮಿಲಿಮೀಟರ್. ನಾನು ಕಲಿತ ನಾಲ್ಕು ತಂತಿಯದ್ದು 19. ಸರ್ ಬೆರಳು ಸಣ್ಣ, ನನ್ನದು ಬೆಂಡೆಕಾಯಿ ಅಲ್ಲ, ಸೌತೆಕಾಯಿ. ಮೊದಲ ಮೂರು ತಿಂಗಳು ಪಕ್ಕದ ತಂತಿಗೆ ತಗುಲಿಸಿಕೊಂಡೇ ನುಡಿಸಿದೆ. ಆಮೇಲೆ ಗೊತ್ತಾಯಿತು, ಸರ್ ಹೆಬ್ಬೆರಳಿನಿಂದ ಪಾಲಿಶ್ ಹೋದ ಜಾಗದಲ್ಲೇ ನನ್ನ ಹೆಬ್ಬೆರಳನ್ನೂ ಊರಿದರೆ ಕೈ ಓರೆಯಾಗಿ, ಬೆರಳ ತುದಿ ಮಾತ್ರ ತಂತಿಗೆ ತಾಗುತ್ತೆ. ಅಂಗಡಿಯವರು ಉಜ್ಜಿ ತೆಗೀತೀವಿ ಅಂದಿದ್ದು ಅದೇ ಜಾಗ.