ಟೈಮಿಂಗ್ ಬೆಲ್ಟ್ ಬಿಲ್ಲಿನಲ್ಲಿ ಬೆಲ್ಟಿನ ಪಾಲು ಎಷ್ಟು?

ನನ್ನದು 2012ರ ಫೋರ್ಡ್ ಫಿಗೊ, ಡೀಸೆಲ್. ಬಳ್ಳಾರಿಯಲ್ಲಿ ವಿಮೆ ಏಜೆಂಟ್ ಕೆಲಸ. ವಾರಕ್ಕೆ ಎರಡು ಸಲ ಸಿರುಗುಪ್ಪ, ಒಂದು ಸಲ ಸಂಡೂರು. ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡಾಗ ಮಾರಿದವರು "ಹೊಸಾ ಬೆಲ್ಟ್ ಹಾಕ್ಸೀನ್ರೀ" ಎಂದಿದ್ದರು. ನಂಬಿದೆ. ನಾಲ್ಕು ವರ್ಷ ಆದಮೇಲೆ ಗೊತ್ತಾಯಿತು, ಅವರು ಹಾಕಿಸಿದ್ದು ಹೊರಗಿನ ಬೆಲ್ಟು. ಆಲ್ಟರ್ನೇಟರ್, ಎಸಿ ತಿರುಗಿಸುವುದು ಅದು. ಬಾನೆಟ್ ಎತ್ತಿದರೆ ಕಾಣುವುದೂ ಅದೇ. ಟೈಮಿಂಗ್ ಬೆಲ್ಟು ಅಂದರೆ ಇಂಜಿನ್ನಿನ ಪಿಸ್ಟನ್ನು, ವಾಲ್ವುಗಳನ್ನು ಒಂದೇ ತಾಳದಲ್ಲಿ ಇಡುವ ಹಲ್ಲಿನ ರಬ್ಬರ್ ಬೆಲ್ಟು. ಅದು ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನ ಒಳಗೆ ಕೂತಿರುತ್ತದೆ, ಸುಮ್ನೆ ಇಣುಕಿದರೆ ಕಾಣಲ್ಲ. ಹಾಗಾಗಿ ಹಳೇ ಗಾಡಿ ತಗೊಳ್ಳುವಾಗ "ಯಾವ ಬೆಲ್ಟು?" ಅಂತ ಕೇಳಿ, ಬಿಲ್ ನೋಡಿ. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಅದಕ್ಕೂ ಮೊದಲು, ನಿಮ್ಮ ಗಾಡಿಗೆ ಬೆಲ್ಟ್ ಇದೆಯೋ ಚೈನ್ ಇದೆಯೋ ತಿಳಿದುಕೊಳ್ಳಿ. ಸ್ವಿಫ್ಟ್ ಡೀಸೆಲ್‌ಗೆ ಇರುವುದು ಚೈನು, ಅವರು ಈ ಖರ್ಚಿನ ಗೊಡವೆಗೇ ಬರಬೇಕಿಲ್ಲ. ಡಸ್ಟರ್ ಡೀಸೆಲ್, ಪೋಲೊ ಡೀಸೆಲ್, ಹಳೇ ಸ್ಯಾಂಟ್ರೊ, ಮಾರುತಿ 800 ಇವಕ್ಕೆಲ್ಲ ಬೆಲ್ಟು. ಗಾಡಿಯ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ ಎಂದು ಬರೆದಿರುತ್ತದೆ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಬೆಲ್ಟು ಹಾಕಿಸುವಾಗ ನನ್ನದು ಓಡಿದ್ದು 86 ಸಾವಿರ, ಆದರೆ ವಯಸ್ಸು 11. ರಬ್ಬರು ನಿಂತಲ್ಲೇ ಹಳತಾಗುತ್ತದೆ, ಅದರಲ್ಲೂ ನಮ್ಮ ಬಿಸಿಲಿಗೆ.

2023ರ ಏಪ್ರಿಲಿನಲ್ಲಿ ಮೊದಲು ಕೇಳಿದ ಗ್ಯಾರೇಜಿನವರು ಒಂದೇ ಸಾಲು ಬರೆದುಕೊಟ್ಟರು: ಟೈಮಿಂಗ್ ಬೆಲ್ಟ್ ಕೆಲಸ, 19,500. ಒಳಗೆ ಏನೇನು ಬರುತ್ತದೆ ಅಂದರೆ "ಎಲ್ಲಾ ಬರ್ತತಿ ಸರ್" ಅಂತ ಉತ್ತರ. ಎದ್ದು ಬಂದೆ. ಕೌಲ್ ಬಜಾರಿನ ಕಡೆ ಒಬ್ಬ ಭಾಯ್ ಇದ್ದಾರೆ, ಡೀಸೆಲ್ ಗಾಡಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅವರು ರಟ್ಟಿನ ತುಂಡಿನ ಮೇಲೆ ಒಂದೊಂದೇ ಬರೆದರು. ಬೆಲ್ಟು 1,600. ಟೆನ್ಶನರ್, ಅಂದರೆ ಬೆಲ್ಟನ್ನು ಬಿಗಿಯಾಗಿಡುವ ಗಾಲಿ, 1,700. ಐಡ್ಲರ್, ಅಂದರೆ ಬೆಲ್ಟನ್ನು ದಾರಿಯಲ್ಲಿಡುವ ಗಾಲಿ, 900. ವಾಟರ್ ಪಂಪು 1,900. ಕ್ಯಾಮ್‌ಶಾಫ್ಟ್ (ವಾಲ್ವು ತೆರೆಯುವ ದಂಡ) ಆಯಿಲ್ ಸೀಲು 250. ಹೊರಗಿನ ಬೆಲ್ಟು 750. ಇಂಜಿನ್ ತಣ್ಣಗಿಡುವ ಕೂಲೆಂಟು 1,050. ಕೂಲಿ 3,000. ಒಟ್ಟು 11,150.

"ಬರೀ ಬೆಲ್ಟ್ ಹಾಕಿದ್ರೆ ಆಗಲ್ವಾ ಭಾಯ್?" ಅಂದೆ. ಬೆಲ್ಟು, ಕೂಲಿ ಸೇರಿ 4,600ಕ್ಕೆ ಮುಗಿಯುತ್ತಿತ್ತಲ್ಲ!

"ಬೆಲ್ಟ್ ಹಾಕಾಕ ಅಲ್ರೀ ರೊಕ್ಕ, ಅಲ್ಲೀತನಕ ಹೋಗಾಕ ರೊಕ್ಕ" ಅಂದರು.

ಪಕ್ಕದಲ್ಲಿ ನಿಂತು ನೋಡಿದಾಗ ಅರ್ಥವಾಯಿತು. ಬಲಗಡೆ ಚಕ್ರ ಬಿಚ್ಚಬೇಕು. ಇಂಜಿನ್ನಿನ ಕೆಳಗೆ ಮರದ ತುಂಡು ಇಟ್ಟು ಜಾಕ್ ಕೊಟ್ಟು, ಇಂಜಿನ್ ಹಿಡಿದಿರುವ ಮೌಂಟ್ ಬಿಚ್ಚಬೇಕು. ಆಮೇಲೆ ಪುಲ್ಲಿ, ಕವರು. ಅಷ್ಟೆಲ್ಲ ಆದಮೇಲೆ ಬೆಲ್ಟಿಗೆ ಕೈ ಸಿಗುತ್ತದೆ. ಟೆನ್ಶನರು, ಐಡ್ಲರು, ಪಂಪು ಎಲ್ಲ ಅದೇ ಬೆಲ್ಟಿನ ದಾರಿಯಲ್ಲೇ ಇವೆ. ಆರು ತಿಂಗಳು ಬಿಟ್ಟು ಪಂಪು ಸೋರಿದರೆ ಮತ್ತೆ ಅಷ್ಟೂ ಬಿಚ್ಚಬೇಕು, ಮತ್ತೆ 3,000 ಕೂಲಿ. ನಮ್ಮ ಭಾವನ ಡಸ್ಟರಿಗೆ ಬರೀ ಬೆಲ್ಟು ಹಾಕಿಸಿದ್ದರು. ಎಂಟು ತಿಂಗಳಿಗೆ ಹಳೇ ಟೆನ್ಶನರಿನ ಬೇರಿಂಗು ಹಿಡಿದುಕೊಂಡು ಬೆಲ್ಟು ಜಾರಿತು. ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿ. ಹೆಡ್ ಇಳಿಸಿ ವಾಲ್ವು ಹಾಕಿಸಿದ್ದಕ್ಕೆ 48 ಸಾವಿರ ಆಯಿತು.

ನನ್ನ ಹಳೇ ಟೆನ್ಶನರನ್ನು ಭಾಯ್ ನನ್ನ ಕೈಗೇ ಕೊಟ್ಟು, ಬೆರಳಲ್ಲಿ ತಿರುಗಿಸಿ ನೋಡ್ರಿ ಅಂದರು. ಒಳಗೆ ಮರಳು ತುಂಬಿದ ಹಾಗೆ ಗರಗರ ಅನ್ನುತ್ತಿತ್ತು. ಹೊಸದು ಸದ್ದೇ ಇಲ್ಲದೆ, ಗ್ರೀಸಿನ ಸಣ್ಣ ಬಿಗಿಯಲ್ಲಿ ತಿರುಗಿತು. ಬೆಲ್ಟು ಮಾತ್ರ ನೋಡಲು ಚೆನ್ನಾಗಿಯೇ ಇತ್ತು. ಹಿಂದಕ್ಕೆ ಬಾಗಿಸಿದಾಗ ಹಲ್ಲಿನ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಹೊಸ ಬೆಲ್ಟನ್ನು ಹೀಗೆ ಬಾಗಿಸಬೇಡಿ ಮತ್ತೆ, ಒಳಗಿನ ದಾರ ಮುರಿಯುತ್ತದೆ.

ನೀವು ನಿಂತು ನೋಡಲೇಬೇಕಾದ ಕೆಲಸ ಒಂದಿದೆ. ಬೆಲ್ಟು ಬಿಚ್ಚುವ ಮೊದಲು ಕ್ರ್ಯಾಂಕಿಗೂ (ಪಿಸ್ಟನ್ನುಗಳು ತಿರುಗಿಸುವ ದಂಡ) ಕ್ಯಾಮಿಗೂ ಅಲುಗದ ಹಾಗೆ ಲಾಕ್ ಪಿನ್ ಹಾಕಬೇಕು. ಕೆಲವರು ವೈಟ್ನರಿನಲ್ಲಿ ಗುರುತು ಹಾಕಿ ಸಾಕು ಅನ್ನುತ್ತಾರೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ನಿಮ್ಮ ಇಂಜಿನ್ನಿನ ಲಾಕ್ ಸೆಟ್ ಇದೆಯಾ ಅಂತ ಗಾಡಿ ಬಿಡುವ ಮೊದಲೇ ಕೇಳಿ. ಹೊಸ ಬೆಲ್ಟು ಹಾಕಿ ಪಿನ್ ತೆಗೆದಮೇಲೆ ಸ್ಪ್ಯಾನರಿನಲ್ಲಿ ಕೈಯಿಂದಲೇ ಇಂಜಿನ್ನನ್ನು ಎರಡು ಸುತ್ತು ಪೂರ್ತಿ ತಿರುಗಿಸಬೇಕು. ಕ್ರ್ಯಾಂಕು ಎರಡು ಸುತ್ತು ಹೊಡೆದರೆ ಕ್ಯಾಮು ಒಂದು ಸುತ್ತು, ಅದಕ್ಕೇ ಎರಡು. ಆಮೇಲೆ ಪಿನ್ನುಗಳು ಮತ್ತೆ ಸಲೀಸಾಗಿ ಕೂರಬೇಕು. ಕೂರದಿದ್ದರೆ ಒಂದು ಹಲ್ಲು ಆಚೀಚೆ ಆಗಿದೆ ಅಂತ. ಸ್ಟಾರ್ಟ್ ಮಾಡಲು ಬಿಡಬೇಡಿ.

ಬಿಡಿಭಾಗವನ್ನು ಬಿಲ್ ಸಮೇತ ತಗೊಳ್ಳಿ, ಡಬ್ಬ ನಿಮ್ಮೆದುರಿಗೇ ಒಡೆಯಲಿ. 2021ರಲ್ಲಿ ಫೋರ್ಡ್ ಇಲ್ಲಿ ಗಾಡಿ ಮಾಡುವುದು ನಿಲ್ಲಿಸುತ್ತೇನೆ ಅಂದಾಗ ಸಾಮಾನು ಸಿಗಲ್ಲ ಅಂತ ಹೆದರಿಸಿದವರು ಬಹಳ. ನನಗೆ ಎರಡೇ ದಿನದಲ್ಲಿ ಕಿಟ್ ಬಂತು.

ಬೆಳಿಗ್ಗೆ ಒಂಬತ್ತಕ್ಕೇ ಗಾಡಿ ಕೊಡಿ, ಇಂಜಿನ್ ತಣ್ಣಗಿರಬೇಕು, ಕೆಲಸ ಐದಾರು ತಾಸಿನದು. ಕೊನೆಗೆ ಕವರಿನ ಬೋಲ್ಟು ಎಣಿಸಿ. ನನ್ನದರಲ್ಲಿ ಕೆಳಗಿನ ಒಂದು ಬೋಲ್ಟು ಮೊದಲೇ ಇರಲಿಲ್ಲ, ಆ ಸಂದಿಯಲ್ಲಿ ತೋರಣಗಲ್ಲು ದಾರಿಯ ಕೆಂಪು ಅದಿರಿನ ಧೂಳು ಬೆರಳಿಗೆ ಮೆತ್ತುವಷ್ಟು ಕೂತಿತ್ತು. ಓಡುವಾಗ ಗಾಡಿ ಗಪ್ಪಂತ ನಿಂತು ಬೆಲ್ಟಿನ ಅನುಮಾನ ಬಂದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಎಳೆಸಿಕೊಂಡು ಹೋಗಿ.

ಮೊದಲ ವಾರ ಕೂಲೆಂಟ್ ಮಟ್ಟ ನೋಡುತ್ತಿರಿ. ಭಾಯ್ ಬಾನೆಟ್ಟಿನ ಒಳಗೆ ಪೇಂಟ್ ಪೆನ್ನಿನಲ್ಲಿ ಬರೆದುಕೊಟ್ಟಿದ್ದಾರೆ: 86,412, ಏಪ್ರಿಲ್ 2023. ಕೆಳಗೆ ಇನ್ನೊಂದು ಸಾಲು: ಪಂಪ್ ಭೀ.